ಕೇಳದೆ ಬಂದು ಸೇರಿದ ಸಾಫ್ಟ್‌ವೇರ್: ನಾನು ತೆಗೆಯುವ ಕ್ರಮ

ಅನ್‌ಇನ್‌ಸ್ಟಾಲ್ ಮಾಡಿದ ಮರುದಿನವೇ ಮತ್ತೆ ಹಾಜರಾಗುವುದು ಈ ಜಾತಿಯ ಸಾಫ್ಟ್‌ವೇರ್‌ಗಳ ಮುಖ್ಯ ಕಾಟ. ಪ್ರೋಗ್ರಾಂ ತೆಗೆದರೆ ಅರ್ಧ ಕೆಲಸವಷ್ಟೇ ಆಯಿತು. ಅದನ್ನು ವಾಪಸ್ ಕರೆತರುವುದು ಯಾವುದೆಂದು ಹುಡುಕುವುದು ಉಳಿದರ್ಧ. ವಿಂಡೋಸ್ 10 ಮತ್ತು 11ರಲ್ಲಿ ನಾನು ಅನುಸರಿಸುವ ಕ್ರಮ ಇದು.

ಮೊದಲು ನಿಜವಾಗಿಯೂ ಸಾಫ್ಟ್‌ವೇರ್ ಬಂದಿದೆಯೇ ಎಂದು ಖಚಿತ ಮಾಡಿಕೊಳ್ಳುತ್ತೇನೆ. ಪರದೆಯ ಬಲ ಕೆಳಮೂಲೆಯಲ್ಲಿ 'ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ' ಎಂದು ಏಳುವ ಪೆಟ್ಟಿಗೆಗಳು ಬಹಳ ಸಲ ಯಾವುದೋ ವೆಬ್‌ಸೈಟಿನ ನೋಟಿಫಿಕೇಶನ್ ಆಗಿರುತ್ತವೆ. ಪೆಟ್ಟಿಗೆಯಲ್ಲಿ ಸಣ್ಣ ಅಕ್ಷರದಲ್ಲಿ ಬ್ರೌಸರ್‌ನ ಹೆಸರೂ ಸೈಟಿನ ವಿಳಾಸವೂ ಕಂಡರೆ ಇದೇ ಕಾರಣ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ, ಅನುಮತಿ ಪಡೆದ ಸೈಟುಗಳಲ್ಲಿ ಗುರುತಿಲ್ಲದವನ್ನೆಲ್ಲ ತೆಗೆದರೆ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಸಾಫ್ಟ್‌ವೇರೇ ಬಂದಿದ್ದರೆ, ಏನನ್ನೂ ಮುಟ್ಟುವ ಮುಂಚೆ ಎರಡು ಸಿದ್ಧತೆ. ಒಂದು, ರಿಸ್ಟೋರ್ ಪಾಯಿಂಟ್, ಅಂದರೆ ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಉಳಿಸಿಟ್ಟ ಗುರುತು. ಎಷ್ಟೋ ಯಂತ್ರಗಳಲ್ಲಿ ಸಿಸ್ಟಂ ಪ್ರೊಟೆಕ್ಷನ್ ಆಫ್ ಆಗಿಯೇ ಇರುತ್ತದೆ. ಸಿ ಡ್ರೈವ್‌ಗೆ ಅದನ್ನು ಆನ್ ಮಾಡಿದ ಮೇಲಷ್ಟೇ ಪಾಯಿಂಟ್ ಮಾಡಲು ಬರುತ್ತದೆ. ಇನ್ನೊಂದು, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ಮಾಲೀಕರಿಗೆ ಗೊತ್ತಿಲ್ಲದೆಯೇ ಚಾಲೂ ಆಗಿರಬಹುದು. ಅಗತ್ಯದ ಭಾಗಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗುವಾಗ ಅದು ಕೀ ಕೇಳಬಹುದು, ಆಗ ಹುಡುಕಲು ಹೊರಟರೆ ಕೆಲಸ ನಿಲ್ಲುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತೇನೆ.

ಗುರುತಿಸಲು ಅತ್ಯುತ್ತಮ ಸುಳಿವು ದಿನಾಂಕ. ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಬೇಕೆಂದು ಹಾಕಿಕೊಂಡ ಪಿಡಿಎಫ್ ಕನ್ವರ್ಟರ್‌ನ ಜೊತೆ ಅದೇ ದಿನ ಒಂದು 'ಡ್ರೈವರ್ ಅಪ್‌ಡೇಟರ್', ಒಂದು 'ಪಿಸಿ ಆಪ್ಟಿಮೈಸರ್', ಹೆಸರು ಕೇಳದ ಒಂದು ಬ್ರೌಸರ್ ಸಾಲಾಗಿ ಕೂತಿದ್ದರೆ ಅವೆಲ್ಲ ಒಂದೇ ಇನ್‌ಸ್ಟಾಲರ್‌ನ ಸಂಗಡ ಬಂದವು. ಆದರೆ ಹಳೆಯ ಪ್ರೋಗ್ರಾಂ ಅಪ್‌ಡೇಟ್ ಆದಾಗಲೂ ಈ ದಿನಾಂಕ ಬದಲಾಗಬಹುದು, ಹಾಗಾಗಿ ಪಬ್ಲಿಷರ್ ಹೆಸರನ್ನೂ ನೋಡಲೇಬೇಕು.

ತೆಗೆಯಬಾರದವುಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಎಂಬುದು 2008, 2010, 2013 ಎಂದು ಬೇರೆ ಬೇರೆ ವರ್ಷಗಳ ಹೆಸರಿನಲ್ಲಿ ಹಲವು ಸಲ ಕಾಣಿಸುತ್ತದೆ. ನಕಲು ಎಂದುಕೊಂಡು ಅಳಿಸುವವರು ಬಹಳ. ಒಂದೊಂದು ವರ್ಷದ ಆವೃತ್ತಿಯನ್ನು ಬೇರೆ ಬೇರೆ ಪ್ರೋಗ್ರಾಂಗಳು ನೆಚ್ಚಿಕೊಂಡಿರುತ್ತವೆ. ತೆಗೆದರೆ 'ಡಿಎಲ್‌ಎಲ್ ಇಲ್ಲ' ಎಂಬ ದೋಷ ಬರುತ್ತದೆ. ಇಂಟೆಲ್, ರಿಯಲ್‌ಟೆಕ್, ಸಿನಾಪ್ಟಿಕ್ಸ್, ಎಲಾನ್ ಹೆಸರಿನವು ಡ್ರೈವರ್‌ಗಳು. ಲ್ಯಾಪ್‌ಟಾಪ್ ಕಂಪನಿಯ ಹಾಟ್‌ಕೀ ಸರ್ವಿಸ್ ತೆಗೆದರೆ ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿಗಳು ಕೆಲಸ ನಿಲ್ಲಿಸಬಹುದು. ಕಂಪನಿ ಹಾಕಿಕೊಟ್ಟದ್ದೆಲ್ಲ ಕಸವಲ್ಲ.

ಇನ್ನು ತೆಗೆಯುವುದು. ಫೋಲ್ಡರನ್ನು ನೇರವಾಗಿ ಡಿಲೀಟ್ ಮಾಡುವುದು ಕೊನೆಯ ದಾರಿ, ಮೊದಲಿನದಲ್ಲ. ಹಾಗೆ ಮಾಡಿದರೆ ಅನ್‌ಇನ್‌ಸ್ಟಾಲರ್ ಕೂಡ ಹೋಗಿಬಿಡುತ್ತದೆ. ಸರ್ವಿಸ್, ಟಾಸ್ಕ್, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ನಮೂದುಗಳು ಅನಾಥವಾಗಿ ಉಳಿಯುತ್ತವೆ. ಅದರದ್ದೇ ಅನ್‌ಇನ್‌ಸ್ಟಾಲರ್ ಓಡಿಸಿ, ಆದರೆ ಪ್ರತಿ ಪರದೆಯನ್ನೂ ಪೂರ್ತಿ ಓದಿ. 'ಇರಿಸಿಕೊಳ್ಳಿ' ಎಂಬ ಬಟನ್ ದೊಡ್ಡದಾಗಿ ಬಣ್ಣದಲ್ಲಿರುತ್ತದೆ, 'ತೆಗೆಯಿರಿ' ಎಂಬುದು ಬೂದು ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ. ಟ್ರಯಲ್ ಆ್ಯಂಟಿವೈರಸ್ ಆದರೆ, ಮಾಮೂಲಿ ಅನ್‌ಇನ್‌ಸ್ಟಾಲ್ ಆದ ಮೇಲೆ ಅದೇ ಕಂಪನಿ ಕೊಡುವ ಕ್ಲೀನಪ್ ಟೂಲನ್ನೂ ಓಡಿಸುತ್ತೇನೆ. ಮೆಕಾಫಿಗೆ ಎಂಸಿಪಿಆರ್ ಇದೆ, ಬೇರೆ ಹಲವು ಕಂಪನಿಗಳದ್ದೂ ಇದೆ. ಆ್ಯಂಟಿವೈರಸ್ ಪೂರ್ತಿ ಹೋದ ಮೇಲೆ ವಿಂಡೋಸ್ ಡಿಫೆಂಡರ್ ತಾನೇ ಎಚ್ಚರಗೊಳ್ಳಬೇಕು, ವಿಂಡೋಸ್ ಸೆಕ್ಯುರಿಟಿ ತೆರೆದು ಅದನ್ನು ಖಾತರಿ ಮಾಡಿಕೊಳ್ಳಿ.

'ಫೈಲ್ ಬಳಕೆಯಲ್ಲಿದೆ' ಎಂದು ತಡೆದರೆ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟು ಸೇಫ್ ಮೋಡ್‌ಗೆ ಹೋಗಬಹುದು. ಅಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸಾಮಾನ್ಯವಾಗಿ ನಡೆಯುವುದಿಲ್ಲ, ಆದ್ದರಿಂದ ಅದನ್ನೇ ನೆಚ್ಚಿಕೊಂಡ ಎಂಎಸ್‌ಐ ಮಾದರಿಯ ಪ್ರೋಗ್ರಾಂಗಳು ಅಲ್ಲಿ ಅನ್‌ಇನ್‌ಸ್ಟಾಲ್ ಆಗುವುದಿಲ್ಲ. ಸೇಫ್ ಮೋಡನ್ನು ಉಳಿದ ಫೋಲ್ಡರ್ ಅಳಿಸಲು ಮಾತ್ರ ಬಳಸುವುದು ನನ್ನ ರೂಢಿ.

ಈಗ ಅಸಲಿ ವಿಷಯ, ವಾಪಸ್ ಬರುವ ದಾರಿಗಳು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ, ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಷೆಡ್ಯೂಲರನ್ನು ನೋಡುವವರು ಕಡಿಮೆ. ಅದರ ಲೈಬ್ರರಿ ತೆರೆದು ಒಂದೊಂದು ಟಾಸ್ಕಿನ ಟ್ರಿಗರ್ಸ್ ಮತ್ತು ಆ್ಯಕ್ಷನ್ಸ್ ಟ್ಯಾಬ್ ಓದಿ. ಲಾಗಿನ್ ಆದಾಗ ಶುರುವಾಗಿ ಗಂಟೆಗೊಮ್ಮೆ ಮರುಕಳಿಸುವ ಟಾಸ್ಕ್, ಅದು ಓಡಿಸುವ ಫೈಲ್ ಆ್ಯಪ್‌ಡೇಟಾದ ರೋಮಿಂಗ್ ಫೋಲ್ಡರ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳ ಹೆಸರಿನಲ್ಲಿದ್ದರೆ ಅನುಮಾನಿಸಲೇಬೇಕು. ಓಡುವ ಫೈಲ್ ಪವರ್‌ಶೆಲ್ ಆಗಿದ್ದರೆ ಇನ್ನೂ ಎಚ್ಚರ ಬೇಕು. ಆದೇಶಗಳನ್ನು ಓಡಿಸುವ ಪವರ್‌ಶೆಲ್ ಮೈಕ್ರೋಸಾಫ್ಟ್‌ನದೇ, ತಯಾರಕರನ್ನು ಗುರುತಿಸುವ ಡಿಜಿಟಲ್ ಸಹಿಯೂ ಸರಿಯಾಗಿಯೇ ಇರುತ್ತದೆ. ಕಿತಾಪತಿ ಇರುವುದು ಅದರ ಮುಂದಿನ ಆರ್ಗ್ಯುಮೆಂಟ್ಸ್ ಸಾಲಿನಲ್ಲಿ. ವಿಂಡೋ ಅಡಗಿಸುವ 'ಹಿಡನ್', ತಡೆ ದಾಟುವ 'ಬೈಪಾಸ್', ಓದಲಾಗದ ಉದ್ದನೆಯ ಅಕ್ಷರಮಾಲೆ, ಈ ಮೂರೂ ಒಟ್ಟಿಗೆ ಕಂಡರೆ ಆ ಟಾಸ್ಕನ್ನು ಎಕ್ಸ್‌ಪೋರ್ಟ್ ಮಾಡಿಟ್ಟು ಅಳಿಸುತ್ತೇನೆ. ಮೊದಲು ಟಾಸ್ಕ್, ಆಮೇಲೆ ಅದು ತೋರಿಸುವ ಫೈಲ್.

ಇವನ್ನೆಲ್ಲ ಒಂದೇ ಕಡೆ ನೋಡಲು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಬಳಗದ ಆಟೋರನ್ಸ್ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೈಕ್ರೋಸಾಫ್ಟ್ ನಮೂದುಗಳನ್ನು ಮರೆಮಾಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಹಳದಿ ಸಾಲು ಎಂದರೆ ಫೈಲ್ ಇಲ್ಲ, ನಮೂದು ಮಾತ್ರ ಉಳಿದಿದೆ. ಸಹಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಅಳಿಸಬೇಡಿ. ಸಣ್ಣ ತಂಡಗಳು ಮಾಡಿದ ಒಳ್ಳೆಯ ಉಪಕರಣಗಳಿಗೂ ಡಿಜಿಟಲ್ ಸಹಿ ಇರದಿರಬಹುದು. ಮೊದಲು ಟಿಕ್ ತೆಗೆದು ಒಂದೆರಡು ದಿನ ಬಿಟ್ಟು ನೋಡಿ, ತೊಂದರೆ ಇಲ್ಲದಿದ್ದರೆ ಆಮೇಲೆ ಡಿಲೀಟ್ ಮಾಡಿ.

ಬ್ರೌಸರ್ ಇನ್ನೊಂದು ಅಡಗುತಾಣ. ಎಕ್ಸ್‌ಟೆನ್ಶನ್ ಪುಟದಲ್ಲಿ ಒಂದಕ್ಕೆ ರಿಮೂವ್ ಬಟನ್ ಇಲ್ಲ, ಮೆನುವಿನ ಕೆಳಗೆ 'ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂದಿದೆ, ಆದರೆ ಲ್ಯಾಪ್‌ಟಾಪ್ ಮನೆಯದು. ಹೀಗಿದ್ದರೆ ಯಾರೋ ಪಾಲಿಸಿ, ಅಂದರೆ ಬ್ರೌಸರ್ ಮೇಲೆ ಹೇರುವ ನಿಯಮ, ಬರೆದಿದ್ದಾರೆ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂದು ಇಳಿದರೆ 'ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್' ಎಂಬ ಕೀ ಸಿಗುತ್ತದೆ. ಕರೆಂಟ್ ಯೂಸರ್ ಅಡಿಯಲ್ಲೂ, ಎಡ್ಜ್‌ಗೆ ಮೈಕ್ರೋಸಾಫ್ಟ್ ಅಡಿಯಲ್ಲೂ ಇದೇ ರೀತಿ ನೋಡಿ. ಅಲ್ಲಿರುವ 32 ಅಕ್ಷರಗಳ ಐಡಿಯನ್ನು, ಡೆವಲಪರ್ ಮೋಡ್ ಆನ್ ಮಾಡಿದಾಗ ಎಕ್ಸ್‌ಟೆನ್ಶನ್ ಪುಟದಲ್ಲಿ ಕಾಣುವ ಐಡಿಯೊಂದಿಗೆ ಹೋಲಿಸಿ. ತಾಳೆಯಾದರೆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಅಳಿಸಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಇದನ್ನು ಮುಟ್ಟಲೇಬೇಡಿ, ಅಲ್ಲಿ ಪಾಲಿಸಿ ನಿಜವಾದದ್ದೇ. 2024ರ ಆಗಸ್ಟ್‌ನಲ್ಲಿ ರೀಸನ್‌ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ವರದಿ ಮಾಡಿದ ದಾಳಿಯಲ್ಲಿ ವಿಎಲ್‌ಸಿ, ಕೀಪಾಸ್‌ನಂಥ ಹೆಸರುಗಳ ನಕಲಿ ಇನ್‌ಸ್ಟಾಲರ್‌ಗಳು ಇದೇ ಜೋಡಿಯನ್ನು, ಅಂದರೆ ಪವರ್‌ಶೆಲ್ ಟಾಸ್ಕ್ ಮತ್ತು ಬಲವಂತದ ಎಕ್ಸ್‌ಟೆನ್ಶನ್ ಪಾಲಿಸಿಯನ್ನು ಬಳಸಿದ್ದವು. ಕನಿಷ್ಠ 3 ಲಕ್ಷ ಬಳಕೆದಾರರಿಗೆ ತಟ್ಟಿತ್ತು. ಎಕ್ಸ್‌ಟೆನ್ಶನ್ ಮಾತ್ರ ತೆಗೆದವರಿಗೆ ಟಾಸ್ಕ್ ಅದನ್ನು ಮತ್ತೆ ತಂದುಕೊಡುತ್ತಿತ್ತು.

ಶಾರ್ಟ್‌ಕಟ್‌ಗಳನ್ನೂ ನೋಡಬೇಕು. ಪ್ರಾಪರ್ಟೀಸ್‌ನ ಟಾರ್ಗೆಟ್ ಸಾಲು ಕ್ರೋಮ್‌ನ ಇಎಕ್ಸ್‌ಇ ಫೈಲಿಗೇ ಮುಗಿಯಬೇಕು. ಅದರಾಚೆ ವೆಬ್ ವಿಳಾಸವೋ ಎಕ್ಸ್‌ಟೆನ್ಶನ್ ಲೋಡ್ ಮಾಡುವ ಆದೇಶವೋ ಇದ್ದರೆ ಆ ಶಾರ್ಟ್‌ಕಟ್ ಅಳಿಸಿ ಹೊಸದು ಮಾಡಿ. ಡೆಸ್ಕ್‌ಟಾಪ್, ಟಾಸ್ಕ್‌ಬಾರ್, ಸ್ಟಾರ್ಟ್ ಮೆನು ಮೂರರಲ್ಲೂ ಬೇರೆ ಬೇರೆ ಶಾರ್ಟ್‌ಕಟ್ ಇರುತ್ತದೆ. ಇಷ್ಟಾದ ಮೇಲೂ ಎಕ್ಸ್‌ಟೆನ್ಶನ್ ಮರಳಿದರೆ ಕ್ರೋಮ್ ಸಿಂಕ್ ಕಾರಣವಿರಬಹುದು, ಅದೇ ಖಾತೆಯ ಇನ್ನೊಂದು ಕಂಪ್ಯೂಟರ್‌ನಲ್ಲೂ ತೆಗೆಯಿರಿ.

ಪ್ರೋಗ್ರಾಂ ಹೋದರೂ ಅಪಾಯ ಉಳಿಯಬಹುದು ಎಂಬುದಕ್ಕೆ ಸೂಪರ್‌ಫಿಶ್ ಪ್ರಕರಣ ಸಾಕ್ಷಿ. ಲೆನೊವೊದ ಕೆಲವು ಮಾದರಿಗಳಲ್ಲಿ ಮೊದಲೇ ಬಂದಿದ್ದ ಈ ಜಾಹೀರಾತು ಸಾಫ್ಟ್‌ವೇರ್ 2015ರ ಫೆಬ್ರವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಯಾವ ಸೈಟನ್ನು ನಂಬಬೇಕೆಂದು ಕಂಪ್ಯೂಟರ್‌ಗೆ ಹೇಳುವ ರೂಟ್ ಸರ್ಟಿಫಿಕೇಟನ್ನು ಅದು ತನ್ನದೇ ಹಾಕಿತ್ತು, ಎಲ್ಲ ಯಂತ್ರಗಳಲ್ಲೂ ಒಂದೇ ಖಾಸಗಿ ಕೀ. ಆ ಕೀ ಸಿಕ್ಕವರು ನಕಲಿ ಸೈಟನ್ನೂ ಅಸಲಿಯೆಂದು ನಂಬಿಸಬಹುದಿತ್ತು. ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತಿತ್ತು. ಜಾಹೀರಾತು ತುರುಕುವ ಯಾವುದನ್ನೇ ತೆಗೆದರೂ ನಾನು ಟ್ರಸ್ಟೆಡ್ ರೂಟ್ ಪಟ್ಟಿಯನ್ನೂ ಪ್ರಾಕ್ಸಿ ಸೆಟ್ಟಿಂಗನ್ನೂ ಒಮ್ಮೆ ನೋಡುವುದು ಇದಕ್ಕೇ.

ಕೊನೆಗೆ ಜಾಹೀರಾತು ಸಾಫ್ಟ್‌ವೇರ್ ಹುಡುಕಿ ತೆಗೆಯುವ ಆ್ಯಡ್‌ಡಬ್ಲ್ಯೂಕ್ಲೀನರ್ ಓಡಿಸುತ್ತೇನೆ. ಕೈಯಾರೆ ತೆಗೆದ ಮೇಲೆ ಏನು ಉಳಿದಿದೆ ಎಂದು ಅದು ಹೇಳಲಿ. ಮೊದಲೇ ಓಡಿಸಿದರೆ ಯಾವುದು ಎಲ್ಲಿಂದ ಬಂತೆಂಬ ಸುಳಿವೇ ಹೋಗುತ್ತದೆ. ನಂತರ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ: ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ.

ಮುಂದೆ ಬರದಂತೆ ತಡೆಯಲು ವಿಂಡೋಸ್ ಸೆಕ್ಯುರಿಟಿಯ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್‌ನಲ್ಲಿ ಅನಗತ್ಯ ಆ್ಯಪ್ ತಡೆ ಆನ್ ಇರಲಿ. ಡೌನ್‌ಲೋಡ್ ತಡೆಯುವ ಟಿಕ್ ಎಡ್ಜ್‌ಗೆ ಮಾತ್ರ ಅನ್ವಯ. ಇನ್‌ಸ್ಟಾಲರ್ 'ಕಸ್ಟಮ್' ಆಯ್ಕೆ ಕೊಟ್ಟರೆ ಯಾವಾಗಲೂ ಅದನ್ನೇ ಒತ್ತಿ, ಮೊದಲೇ ಹಾಕಿಟ್ಟ ಟಿಕ್‌ಗಳು ಅಲ್ಲಿ ಕಾಣುತ್ತವೆ. ಕನ್ನಡ ಟೈಪಿಂಗ್‌ಗಾಗಿ ಸಿಕ್ಕ ಸಿಕ್ಕ ಡೌನ್‌ಲೋಡ್ ತಾಣಗಳಿಗೆ ಹೋಗುವ ಅಗತ್ಯವೂ ಈಗಿಲ್ಲ. ಯುನಿಕೋಡ್ ಸಾಕೆನ್ನುವವರಿಗೆ ಸೆಟ್ಟಿಂಗ್ಸ್‌ನ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿದರೆ ಫೊನೆಟಿಕ್ ಕೀಲಿಮಣೆ ವಿಂಡೋಸ್‌ನಲ್ಲೇ ಸಿಗುತ್ತದೆ.