ಬೋನಿಲ್ಲದೆ ಚಿರತೆ ಜೊತೆ ಕಬ್ಬು ಬೆಳೆದ ನನ್ನ ಅನುಭವ

ಪಾಂಡವಪುರದ ಕಡೆ ನಮ್ಮದು ಐದಾರು ಎಕರೆ ಕಬ್ಬು, ಹೆಚ್ಚುಪಾಲು 62175 ತಳಿ. ಮೇಲುಕೋಟೆ ಗುಡ್ಡದ ಸೀಮೆ, ಚಿರತೆ ಹೊಸದಲ್ಲ. ಆದರೆ 2022ರ ಕೊನೆಯಲ್ಲಿ ಟಿ. ನರಸೀಪುರದ ಕಡೆ ಚಿರತೆ ದಾಳಿಗೆ ಜನ ಸತ್ತಮೇಲೆ ಊರಲ್ಲಿ ಒಂದೇ ಮಾತು: ಬೋನು ಇಡಿಸಿ. ನಾನು ಬೇಡ ಅಂದೆ. "ಆಡು ಹೋದ್ರೂ ಸರಿ, ಚಿರ್ತೆ ಇರ್ಲಿ ಅಂತೀಯಾ?" ಅಂತ ಭಾವ ಎಲ್ಲರೆದುರೇ ಕೇಳಿದರು.

ಹಿಂದೆ ಒಂದನ್ನು ಹಿಡಿದೊಯ್ದಾಗ ಎರಡು ಮೂರು ತಿಂಗಳಲ್ಲೇ ಇನ್ನೊಂದು ಬಂದಿತ್ತು, ಜಾಗದ ಪರಿಚಯವಿಲ್ಲದ್ದು, ಹಗಲಲ್ಲೂ ಓಡಾಡುತ್ತಿತ್ತು. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಿಡಿದು ಬೇರೆಡೆ ಬಿಡತೊಡಗಿದ ಮೇಲೆ ದಾಳಿ ಹೆಚ್ಚಿದ್ದನ್ನು ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ದಾಖಲಿಸಿದ್ದಾರೆ. ಅದು ತಿಳಿದ ಮೇಲೆ ನನ್ನ ಹಟ ಗಟ್ಟಿಯಾಯಿತು.

ಮೊದಲು ಕೊಟ್ಟಿಗೆ. ಕೋಳಿ ಜಾಲರಿಗೆ ಮೂರು ಸಾವಿರ ಚಿಲ್ಲರೆ ಹೋಯಿತು, ಒಂದೇ ರಾತ್ರಿಗೆ ಹರಿದು ಎರಡು ಆಡು ಎಳೆದೊಯ್ದಿತು. ಮಿಣುಕು ದೀಪ ತಿಂಗಳೊಪ್ಪತ್ತು ನಡೆಯಿತು, ಆಮೇಲೆ ಅದರ ಕೆಳಗೇ ಹೆಜ್ಜೆ. ರೇಡಿಯೊ ಹಚ್ಚಿಟ್ಟದ್ದೂ ಅಷ್ಟೇ. ಅಷ್ಟರಲ್ಲಿ ಹೋದ ಆಡುಗಳೇ ಅರವತ್ತು ಸಾವಿರದ ಆಸುಪಾಸು, ಪರಿಹಾರ ಸಿಕ್ಕಿದ್ದು ಒಂದೆರಡಕ್ಕೆ. ಕೊನೆಗೆ ಕಬ್ಬಿಣದ ಆಂಗಲ್, ಚೈನ್‌ಲಿಂಕ್ ಜಾಲರಿ, ಮೇಲೂ ಮುಚ್ಚಿಗೆ, ತಳಕ್ಕೆ ಕಾಂಕ್ರೀಟು. ಐವತ್ತು ಸಾವಿರ ದಾಟಿತು. ಅಲ್ಲಿಂದೀಚೆ ಒಂದು ಆಡೂ ಹೋಗಿಲ್ಲ, ಸುತ್ತಮುತ್ತ ಯಾರೂ ಹೀಗೆ ಹೇಳಲಾರರು. ಬಾಗಿಲಿನ ಚಿಲಕ ನಾನೇ ಮಾಡಿದ್ದು. ಬಂದವರಿಗೆ ತೋರಿಸ್ತೀನಿ, ಇಲ್ಲಿ ಬರೆಯಲ್ಲ.

ಕಷ್ಟವಾದದ್ದು ಕಟಾವು. ನಾಲ್ಕೂ ಕಡೆಯಿಂದ ಕಡಿಯುತ್ತಾ ಬಂದರೆ ನಡುವೆ ಸಿಕ್ಕಿದ್ದು ಮೈಮೇಲೆ ಬೀಳುತ್ತದೆ. ರಸ್ತೆ ಕಡೆಯಿಂದ ಶುರುಮಾಡಿ ಹಳ್ಳದ ಕಡೆಗೆ ಕಡಿಸುತ್ತೇನೆ, ಸೋಗೆಗೆ ಬೆಂಕಿ ಇಲ್ಲ. ಗ್ಯಾಂಗಿನ ಮೇಸ್ತ್ರಿ ಗೊಣಗಿದ, ಟನ್ನಿಗೆ ಐವತ್ತೋ ಅರವತ್ತೋ ಹೆಚ್ಚು ಕೊಟ್ಟೆ. ಹೋದ ವರ್ಷ ಎರಡು ಮರಿ ಕಂಡವು. ಕೆಲಸ ನಿಲ್ಲಿಸಿ, ಯಾರನ್ನೂ ಮುಟ್ಟಲು ಬಿಡದೆ ಅರಣ್ಯದವರನ್ನು ಕರೆಸಿದೆ. ಅವರು ಅದೇ ಜಾಗದಲ್ಲಿ ಬುಟ್ಟಿಯಲ್ಲಿಟ್ಟು ಕ್ಯಾಮೆರಾ ಕಟ್ಟಿದರು. ಕತ್ತಲಾದ ಸ್ವಲ್ಪ ಹೊತ್ತಿಗೆ ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಯಿತು. ಆ ಭಾಗದ ಕಬ್ಬು ನಾಲ್ಕೈದು ದಿನ ತಡವಾಗಿ ಕಡಿದೆವು, ತೂಕದಲ್ಲಿ ಹೇಳಿಕೊಳ್ಳುವ ನಷ್ಟವಾಗಲಿಲ್ಲ.

ನಡುವೆ ಚಿರತೆ ಕತ್ತು ಹಿಡಿಯದಂತೆ ನಾಯಿಗೆ ಮುಳ್ಳುಪಟ್ಟಿಯನ್ನೂ ಮಾಡಿ ನೋಡಿದೆ. ತಗಡಿನದು ಕತ್ತು ಕೊರೆಯಿತು. ದಪ್ಪ ಚರ್ಮಕ್ಕೆ ಮೊಳೆ ಹೊಡೆಸಿದ್ದು, ಒಳಗೆ ಕಂಬಳಿ ತುಂಡು ಹೊಲಿಸಿದ್ದು ನಿಂತಿದೆ, ನಾಲ್ಕುನೂರರೊಳಗೆ ಆಗುತ್ತದೆ. ಮಳೆಗಾಲದಲ್ಲಿ ಕಂಬಳಿ ಬಿಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ.