ಕೋರೆಗೆ ಬಿದ್ದ ಟಿಲ್ಲರ್ ಬ್ಯಾರಲಲ್ಲಿ ಎತ್ತಿದ್ದು – ನನ್ನ ಅನುಭವ

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ರ. ತೋಟದ ಮೇಲೆ ಹಳೇ ಕೆಂಪುಕಲ್ಲಿನ ಕೋರೆ (ಕಲ್ಲು ತೆಗೆದ ಗುಂಡಿ) ಉಂಟು, ಮಳೆಗಾಲದಲ್ಲಿ 14 ಅಡಿ ನೀರು, ಕಳೆದ ವರ್ಷ ಟಿಲ್ಲರ್ ರಿವರ್ಸಲ್ಲಿ ಹೋಗಿ ಸೀದಾ ಅದಕ್ಕೇ ಬಿತ್ತು, ನಾನು ಹಾರಿ ಬಚಾವ್. ಕ್ರೇನಿನವ 18 ಸಾವಿರ ಹೇಳಿದ, ಮೇಲಿಂದ ದಾರಿಗೆ ಏಳೆಂಟು ಅಡಿಕೆ ಮರ ಕಡೀಬೇಕಂತೆ. ಬ್ಯಾರಲನ್ನು ಬಾಯಿ ಅಡಿಯಾಗಿ ಟಿಲ್ಲರಿಗೆ ಕಟ್ಟಿ, ಕಂಪ್ರೆಸರಲ್ಲಿ ಒಳಗೆ ಗಾಳಿ ಬಿಟ್ಟು ಎತ್ತುತ್ತೇನೆ ಅಂದದ್ದಕ್ಕೆ ಭಾವ "ನಿಂಗೆ ಮರ್ಲಾ?" ಅಂದ.

ಟಿಲ್ಲರ್ 480 ಕೆಜಿ ಇರಬಹುದು. ಕಬ್ಬಿಣ ಅಲ್ವಾ, ನೀರಲ್ಲಿ ಎಂಟರಲ್ಲಿ ಒಂದು ಪಾಲು ಮಾತ್ರ ಹಗುರ, ಅಂದ್ರೆ 420, ಟಯರಿನ ಗಾಳಿ ಒಂದು 50 ಕೆಜಿ ಹೊರ್ತದೆ ಅಂತ ಇಟ್ಕೊಂಡೆ. 200 ಲೀಟರಿನ ನೀಲಿ ಬ್ಯಾರಲ್ ಒಂದು ಹೆಚ್ಚುಕಮ್ಮಿ 200 ಕೆಜಿ ಎತ್ತಬೇಕು, ಎರಡು ಸಾಕು ಅಂತ ಜಿಪುಣತನ ಮಾಡಿದೆ. ಅಲುಗಲೇ ಇಲ್ಲ. ಕೆಸರಿನ ಹಿಡಿತ ಲೆಕ್ಕದಲ್ಲಿ ಇರ್ಲಿಲ್ಲ!

ಮತ್ತೆ 900ರ ಹಾಗೆ ಎರಡು ತಂದೆ. ನಾಲ್ಕಕ್ಕೂ ಫುಲ್ ಗಾಳಿ. ಕೆಸರು ಬಿಟ್ಟದ್ದೇ ತಡ, ಟಿಲ್ಲರ್ ಬಾಣದ ಹಾಗೆ ಮೇಲೆ ಬಂತು, ಹ್ಯಾಂಡಲ್ ಕಂಡಿತು, ಎಲ್ಲರೂ ಬೊಬ್ಬೆ, ಅಷ್ಟರಲ್ಲಿ ಬ್ಯಾರಲ್ ವಾಲಿ ಗಾಳಿಯೆಲ್ಲ ಗುಳುಗುಳು ಹೋಗಿ ವಾಪಸ್ ತಳಕ್ಕೆ. ಆ ದಿನ ಕಂಪ್ರೆಸರ್ ಬಾಡಿಗೆ 800, ಹಗ್ಗ 1400, ಎಲ್ಲ ನೀರಿಗೆ.

ರಾತ್ರಿ ಬೀಜದಡಿಕೆ ನೆನಪಾಯ್ತು. ನೀರಿಗೆ ಹಾಕಿದ್ರೆ ತೊಟ್ಟು ಮೇಲಾಗಿ ನೆಟ್ಟಗೆ ನಿಲ್ಲುವದ್ದನ್ನೇ ನಾವು ಬೀಜಕ್ಕೆ ಆರಿಸುದಲ್ವಾ, ಭಾರ ಅಡಿಯಲ್ಲಿದ್ರೆ ವಾಲುದಿಲ್ಲ. ಬ್ಯಾರಲಿನ ಬಾಯಿಗೆ ಕಲ್ಲು ಕಟ್ಟಿದೆ. ಪ್ಲಾಸ್ಟಿಕ್ ನೀರು ತುಂಬಿದ್ರೂ ಮುಳುಗದೆ ಸತಾಯಿಸ್ತಿತ್ತು, ಅದೂ ಸರಿಯಾಯ್ತು. ಹಗ್ಗ ಎಲ್ಲಿಗೆ, ಯಾವ ಗಂಟು ಅಂತ ಬರೆಯುದಿಲ್ಲ, ಒಂದು ಬ್ಯಾರಲ್ ಹಾಳು ಮಾಡಿ ನೀವೇ ಕಲೀರಿ.

ಮುಚ್ಚಳ ಹಾಕು, ಗಾಳಿ ಹೋಗುದಿಲ್ಲ ಅಂತ ಒಬ್ಬರ ಸಲಹೆ. 20 ಲೀಟರ್ ಕ್ಯಾನಿಗೆ ತಳದಲ್ಲೇ ಗಾಳಿ ತುಂಬಿ ಮುಚ್ಚಿ ಬಿಟ್ಟು ನೋಡಿದೆ, ಮೇಲೆ ಬಂದದ್ದು ಹಲಸಿನಹಣ್ಣಿನ ಹಾಗೆ ಉಬ್ಬಿ. 14 ಅಡಿಯ ಗಾಳಿ ಮೇಲೆ ಬರುವಾಗ ಸುಮಾರು 1.4 ಪಟ್ಟು ಹಿಗ್ತದೆ, ಬಾಯಿ ತೆರೆದಿದ್ರೆ ಹೆಚ್ಚಾದದ್ದು ತಾನೇ ಹೋಗ್ತದೆ.

ಮೂರನೇ ಸಲ, ಹಿಂದೆ ಹೊಯ್ಗೆ (ಮರಳು) ತೆಗೆಯುತ್ತಿದ್ದ ದೋಸ್ತಿ ಮುಳುಗಿ ಚಕ್ರದ ಅಡಿಗೆ ಪಂಪಿನ ನೀರು ಹೊಡೆದ, ಕೆಸರು ಬಿಟ್ಟಿತು. ಆಮೇಲೆ ಸ್ವಲ್ಪಸ್ವಲ್ಪವೇ ಗಾಳಿ. ಟಿಲ್ಲರ್ ಎಮ್ಮೆ ಎದ್ದ ಹಾಗೆ ನಿಧಾನಕ್ಕೆ ಎದ್ದು ಬಂತು. ಆಯಿಲ್ ಬದಲಿಸಿ ಮೂರನೇ ದಿನಕ್ಕೆ ಸ್ಟಾರ್ಟ್. ರಿಪೇರಿ ಬಿಟ್ಟು ಒಟ್ಟು 8 ಸಾವಿರದೊಳಗೆ ಮುಗೀತು.

ಮೊನ್ನೆ ಭಾವ ಎರಡು ಬ್ಯಾರಲ್ ಕೊಂಡುಹೋದ, ಕೆರೆಗೆ ಬಿದ್ದ ಪಂಪ್ ಎತ್ತಲಿಕ್ಕಂತೆ. ಗಂಟು ಅವನಿಗೂ ಹೇಳಿಲ್ಲ.