ಎಡಬ್ಲ್ಯುಎಸ್ ಖಾತೆಗಳ ಗುಂಪುಗಳನ್ನು ಪೈಥಾನ್‌ನಲ್ಲಿ ಪಟ್ಟಿ ಮಾಡುವುದು

ಕಾರವಾರದ ಜಿಲ್ಲಾ ಕಚೇರಿಯಲ್ಲಿ "ನಿಮ್ಮ ಕೆಳಗೆ ಏನೇನಿದೆ?" ಎಂದು ಕೇಳಿದರೆ 12 ತಾಲ್ಲೂಕುಗಳ ಹೆಸರು ಹೇಳಿಯಾರು. ಬನವಾಸಿಯ ಹೆಸರು ಬೇಕಾದರೆ ಶಿರಸಿಗೆ ಹೋಗಿ ಇನ್ನೊಮ್ಮೆ ಕೇಳಬೇಕು. ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಖಾತೆಗಳನ್ನು ಗುಂಪು ಮಾಡಿ ನಿಭಾಯಿಸುವ ಆರ್ಗನೈಸೇಶನ್ಸ್‌ನ ಎಪಿಐ, ಅಂದರೆ ಕೋಡಿನಿಂದ ಅದನ್ನು ಕೇಳುವ ದಾರಿ, ಕೂಡ ಹೀಗೇ: ಕೇಳಿದ ಜಾಗದ ಒಂದೇ ಮೆಟ್ಟಿಲು ಕೆಳಗಿನದ್ದನ್ನು ಮಾತ್ರ ಕೊಡುತ್ತದೆ. ಇಡೀ ಮರವನ್ನು ಒಂದೇ ಸಲಕ್ಕೆ ಕೊಡುವ ಕರೆ ಇಲ್ಲ. ನಾವೇ ಇಳಿದು ಹೋಗಬೇಕು.

ಮರದ ಬುಡಕ್ಕೆ ರೂಟ್ ಎನ್ನುತ್ತಾರೆ. ಅದರ ಕೆಳಗಿನ ಗುಂಪು ಆರ್ಗನೈಸೇಶನಲ್ ಯೂನಿಟ್, ಬಾಯಿಮಾತಿನಲ್ಲಿ ಓಯು. ಓಯು ಒಳಗೆ ಓಯು ಇಡಬಹುದು, ಆದರೆ ರೂಟ್‌ನಿಂದ ಕೆಳಗೆ 5 ಮಟ್ಟಕ್ಕಿಂತ ಹೆಚ್ಚಿಲ್ಲ. ಪ್ರತಿ ಓಯುಗೂ ಪ್ರತಿ ಖಾತೆಗೂ ಪೇರೆಂಟ್, ಅಂದರೆ ನೇರ ಮೇಲಿನ ಮೆಟ್ಟಿಲು, ಒಂದೇ. ಹಾಗಾಗಿ ಸುತ್ತು ಬಿದ್ದು ಕೋಡ್ ನಿಲ್ಲದೆ ಓಡೀತೆಂಬ ಹೆದರಿಕೆ ಬೇಡ. ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಧೈರ್ಯವಾಗಿ ಬಳಸಿ.

ಮೊದಲು ಅನುಮತಿ. ಈ ಕರೆಗಳು ಮ್ಯಾನೇಜ್‌ಮೆಂಟ್ ಖಾತೆಯಿಂದ (ಸಂಸ್ಥೆಯನ್ನು ನಡೆಸುವ ಮುಖ್ಯ ಖಾತೆ), ಇಲ್ಲವೇ ಡೆಲಿಗೇಟೆಡ್ ಅಡ್ಮಿನಿಸ್ಟ್ರೇಟರ್ ಆಗಿ ನೇಮಿಸಿದ ಖಾತೆಯಿಂದ ಮಾತ್ರ ನಡೆಯುತ್ತವೆ. ಸಾಮಾನ್ಯ ಸದಸ್ಯ ಖಾತೆಯಲ್ಲಿ ನಿಮಗೆ ಪೂರ್ತಿ ಅಡ್ಮಿನ್ ಹಕ್ಕಿದ್ದರೂ 'ಆಕ್ಸೆಸ್ ಡಿನೈಡ್' ಬರುತ್ತದೆ. ಪಾಲಿಸಿ (ಹಕ್ಕುಗಳ ಪಟ್ಟಿ) ತಿದ್ದುವ ಮುಂಚೆ ಯಾವ ಖಾತೆಯಲ್ಲಿ ನಿಂತಿದ್ದೀರಿ ಎಂದು ನೋಡಿ. ಪಾಲಿಸಿಯಲ್ಲಿ ಲಿಸ್ಟ್‌ರೂಟ್ಸ್, ಲಿಸ್ಟ್‌ಆರ್ಗನೈಸೇಶನಲ್‌ಯೂನಿಟ್ಸ್‌ಫಾರ್‌ಪೇರೆಂಟ್, ಲಿಸ್ಟ್‌ಅಕೌಂಟ್ಸ್‌ಫಾರ್‌ಪೇರೆಂಟ್, ಲಿಸ್ಟ್‌ಅಕೌಂಟ್ಸ್ ಈ ನಾಲ್ಕಿದ್ದರೆ ಸಾಕು. ಬರೆಯುವ ಹಕ್ಕು ಒಂದೂ ಬೇಡ.

ಎಡಬ್ಲ್ಯುಎಸ್‌ನ ಪೈಥಾನ್ ಲೈಬ್ರರಿ ಬೋಟೊ3ಯಲ್ಲಿ 'ಆರ್ಗನೈಸೇಶನ್ಸ್' ಕ್ಲೈಂಟ್ ತೆರೆದು ಲಿಸ್ಟ್‌ರೂಟ್ಸ್ ಕರೆಯಿಂದ ರೂಟ್ ಐಡಿ ತೆಗೆದುಕೊಳ್ಳಿ. ಅದು ಸಣ್ಣ 'ಆರ್' ಮತ್ತು ಅಡ್ಡಗೆರೆಯಿಂದ ಶುರುವಾಗುತ್ತದೆ. ಓಯು ಐಡಿ ಸಣ್ಣ 'ಓಯು' ಮತ್ತು ಅಡ್ಡಗೆರೆಯಿಂದ. ಆಮೇಲಿನ ಕೋಡಿನ ಹಂದರ ಇಷ್ಟೇ:

ನಡೆ(ಪೇರೆಂಟ್, ದಾರಿ):
    ಪೇರೆಂಟ್‌ನ ನೇರ ಖಾತೆಗಳ ಎಲ್ಲ ಪುಟಗಳಲ್ಲಿ, ಪ್ರತಿ ಖಾತೆಗೆ:
        ಬರೆ(ದಾರಿ, ಖಾತೆ ಐಡಿ, ಖಾತೆ ಹೆಸರು)
    ಪೇರೆಂಟ್‌ನ ನೇರ ಓಯುಗಳ ಎಲ್ಲ ಪುಟಗಳಲ್ಲಿ, ಪ್ರತಿ ಓಯುಗೆ:
        ಹೊಸದಾರಿ = ದಾರಿ + "/" + ಓಯು ಹೆಸರು
        ಬರೆ(ಹೊಸದಾರಿ, ಓಯು ಐಡಿ)
        ನಡೆ(ಓಯು ಐಡಿ, ಹೊಸದಾರಿ)

ನಡೆ(ರೂಟ್ ಐಡಿ, "ರೂಟ್")

ಖಾತೆಗಳ ಸಾಲನ್ನು ಓಯುಗಳಿಗಿಂತ ಮೇಲೆ ಇಟ್ಟದ್ದಕ್ಕೆ ಕಾರಣವಿದೆ. ಓಯುಗಳ ಮೇಲೆ ಮಾತ್ರ ಲೂಪ್ ಹಾಕಿದವರ ಪಟ್ಟಿಯಲ್ಲಿ ರೂಟ್‌ಗೆ ನೇರವಾಗಿ ಅಂಟಿಕೊಂಡ ಖಾತೆಗಳು ಬಿಟ್ಟುಹೋಗುತ್ತವೆ. ಹೊಸದಾಗಿ ತೆರೆದ ಖಾತೆ, ಬೇರೆಡೆಗೆ ಸರಿಸುವವರೆಗೆ, ಕೂರುವುದು ಅಲ್ಲೇ.

ಹೆಚ್ಚಿನವರು ಎಡವುವುದು ಪುಟಗಳಲ್ಲಿ. ಒಂದು ಕರೆಗೆ ಹೆಚ್ಚೆಂದರೆ 20 ಫಲಿತಾಂಶ. ಉಳಿದದ್ದಕ್ಕೆ ಉತ್ತರದಲ್ಲಿ 'ನೆಕ್ಸ್ಟ್‌ಟೋಕನ್' ಬರುತ್ತದೆ, ಅದನ್ನು ಮುಂದಿನ ಕರೆಗೆ ಕೊಡಬೇಕು. ಪರೀಕ್ಷೆಗೆಂದು ಕಟ್ಟಿದ ನಾಲ್ಕು ಓಯುಗಳ ಮರದಲ್ಲಿ ಈ ತಪ್ಪು ಕಾಣುವುದೇ ಇಲ್ಲ, 21ನೆಯದು ಬಂದ ದಿನ ಸದ್ದಿಲ್ಲದೆ ಮಾಯವಾಗುತ್ತದೆ. ಇದಕ್ಕಿಂತ ಕಳ್ಳ ತಪ್ಪೊಂದಿದೆ: ಪುಟ ಖಾಲಿ ಬಂದರೂ ಟೋಕನ್ ಇರಬಹುದು. "ಪಟ್ಟಿ ಖಾಲಿ, ಮುಗಿಯಿತು" ಎಂದು ಲೂಪ್ ನಿಲ್ಲಿಸಿದರೆ ಮುಂದಿನ ಪುಟಗಳೆಲ್ಲ ಹೋದವು. ಟೋಕನ್ ಇಲ್ಲದಿದ್ದಾಗ ಮಾತ್ರ ನಿಲ್ಲಿ.

ಬೋಟೊ3ಯ ಪೇಜಿನೇಟರ್ ಬಳಸಿದರೆ ಈ ಟೋಕನ್ ತಲೆಬಿಸಿ ಅದರದ್ದೇ. ಅಲ್ಲಿಯೂ ಒಂದು ಎಚ್ಚರ: 'ಮ್ಯಾಕ್ಸ್‌ಐಟಮ್ಸ್' ಎಂದರೆ ಪುಟದ ಗಾತ್ರವಲ್ಲ, ಒಟ್ಟು ಮಿತಿ. ಅದಕ್ಕೆ 20 ಕೊಟ್ಟರೆ 20ಕ್ಕೇ ಬಾಗಿಲು ಹಾಕುತ್ತದೆ. ಪುಟದ ಗಾತ್ರಕ್ಕೆ 'ಪೇಜ್‌ಸೈಜ್' ಇದೆ, ಅದನ್ನೂ ಮುಟ್ಟದಿದ್ದರೆ ಒಳ್ಳೆಯದು.

ಬೇಗ ಮುಗಿಯಲಿ ಎಂದು ಹತ್ತಾರು ಥ್ರೆಡ್ ಹಚ್ಚಬೇಡಿ. 'ಟೂ ಮೆನಿ ರಿಕ್ವೆಸ್ಟ್ಸ್' ಬಂದು ಕೆಲಸ ಇನ್ನಷ್ಟು ತಡವಾಗುತ್ತದೆ. ಕ್ಲೈಂಟ್ ಕಾನ್ಫಿಗ್‌ನಲ್ಲಿ ರಿಟ್ರೈ ಮೋಡ್ 'ಸ್ಟ್ಯಾಂಡರ್ಡ್', ಗರಿಷ್ಠ ಪ್ರಯತ್ನ 10 ಇಟ್ಟು ಒಂದೇ ಸಾಲಿನಲ್ಲಿ ಓಡಿಸಿ. ಘಟ್ಟದ ಮೇಲೆ ಆಷಾಢದ ಮಳೆಯಲ್ಲಿ ಕರೆಂಟೂ ನೆಟ್ಟೂ ಕೈಕೊಡುವುದು ಗೊತ್ತೇ ಇದೆಯಲ್ಲ. ಅದಕ್ಕಾಗಿ ಎಲ್ಲವನ್ನೂ ಮೆಮೊರಿಯಲ್ಲಿ ಕೂಡಿಟ್ಟು ಕೊನೆಗೆ ಬರೆಯುವ ಬದಲು, ಸಿಕ್ಕ ಸಿಕ್ಕ ಸಾಲನ್ನು ಆಗಲೇ ಫೈಲಿಗೆ ಇಳಿಸಿ.

ಡಿಕ್ಷನರಿಯಲ್ಲಿ ಇಡುವಾಗ ಓಯು ಹೆಸರನ್ನು ಕೀ ಮಾಡಬೇಡಿ. ಒಂದೇ ಪೇರೆಂಟ್ ಕೆಳಗೆ ಎರಡು ಓಯುಗಳಿಗೆ ಒಂದೇ ಹೆಸರು ಕೊಡಲಾಗದು, ಬೇರೆ ಬೇರೆ ಪೇರೆಂಟ್ ಕೆಳಗೆ ಕೊಡಬಹುದು. 'ಕರಾವಳಿ'ಯಲ್ಲೊಂದು 'ಟೆಸ್ಟಿಂಗ್', 'ಘಟ್ಟ'ದಲ್ಲೊಂದು 'ಟೆಸ್ಟಿಂಗ್' ಇದ್ದರೆ ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ. ಕೀ ಯಾವಾಗಲೂ ಐಡಿಯೇ ಆಗಿರಲಿ. ಓದುವವರಿಗೆ ಪೂರ್ತಿ ದಾರಿ ಕೊಡಿ.

ಪಟ್ಟಿ ಸರಿಯಿದೆಯೇ ಎಂದು ನೋಡಲು ಸುಲಭದ ತಾಳೆಯಿದೆ. ಲಿಸ್ಟ್‌ಅಕೌಂಟ್ಸ್ ಮರದ ಗೊಡವೆಯಿಲ್ಲದೆ ಸಂಸ್ಥೆಯ ಎಲ್ಲ ಖಾತೆಗಳನ್ನೂ ಕೊಡುತ್ತದೆ. ಅದರ ಎಣಿಕೆಗೂ ನಿಮ್ಮ ಮರದ ಖಾತೆಗಳ ಎಣಿಕೆಗೂ ವ್ಯತ್ಯಾಸ ಬಂದರೆ ಮೊದಲು ರೂಟ್, ಆಮೇಲೆ ಪುಟಗಳನ್ನು ನೋಡಿ. ಮುಚ್ಚಿದ ಖಾತೆಗಳೂ 90 ದಿನ ಪಟ್ಟಿಯಲ್ಲಿ ಉಳಿದಿರುತ್ತವೆ, ಎರಡೂ ಕಡೆ ಎಣಿಸಿ ಇಲ್ಲವೇ ಎರಡೂ ಕಡೆ ಬಿಡಿ.

ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಇನ್ನೊಂದು ಮಾತು. ಖಾತೆ ಐಡಿ 12 ಅಂಕೆ. ಸೊನ್ನೆಯಿಂದ ಶುರುವಾದ ಐಡಿಯನ್ನು ಎಕ್ಸೆಲ್ ಸಂಖ್ಯೆ ಎಂದುಕೊಂಡು ಮೊದಲ ಸೊನ್ನೆ ನುಂಗುತ್ತದೆ, 11 ಅಂಕೆ ಉಳಿಯುತ್ತದೆ. ಡಬಲ್ ಕ್ಲಿಕ್ ಮಾಡಿ ತೆರೆಯದೆ, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ ಆ ಕಾಲಮ್ಮಿಗೆ 'ಟೆಕ್ಸ್ಟ್' ಆರಿಸಿ.